ಎರಡು ಹೊತ್ತಿನ ಕಛೇರಿ

ಒಂದೇ ಕಾವ್ಯದ ಎರಡು ಓಲೆಪ್ರತಿಗಳನ್ನು ಎದುರಿಗಿಟ್ಟುಕೊಂಡು ಪಾಠಾಂತರಗಳನ್ನು ಗುರುತು ಹಾಕುವ ಕೆಲಸ ಹೊರಗಿನವರಿಗೆ ಬೇಸರದ್ದೆಂದು ತೋರುತ್ತದೆ. ಒಂದು ಪ್ರತಿಯಲ್ಲಿರುವ ಪದ್ಯ ಇನ್ನೊಂದರಲ್ಲಿ ಇರುವುದಿಲ್ಲ. ಇಲ್ಲಿ ಕೊನೆಗೆ ಬಂದದ್ದು ಅಲ್ಲಿ ಮೊದಲಿಗೇ ಬಂದಿರುತ್ತದೆ. ಲಿಪಿಕಾರನ ಕೈ ಜಾರಿತೋ, ಕವಿಯೇ ಮನಸ್ಸು ಬದಲಿಸಿದನೋ ತಿಳಿಯುವುದಿಲ್ಲ. ಆ ಕೆಲಸವನ್ನು ಅಷ್ಟಿಷ್ಟು ಮಾಡಿದ ನನಗೆ ಅದರ ರುಚಿ ಗೊತ್ತು. ಆ ರುಚಿ ನಮ್ಮಂಥ ಕನ್ನಡ ಮೇಷ್ಟರುಗಳಿಗೆ ಮೀಸಲಾದುದೆಂಬ ಸಣ್ಣದೊಂದು ಜಂಬವೂ ನನ್ನಲ್ಲಿತ್ತು. ಅದನ್ನು ಇಳಿಸಿದವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ.

ಅವನು ಓದಿದ್ದು ವಿಜ್ಞಾನ. ಭಾಷಾಪಠ್ಯದ ಮಟ್ಟಿಗೆ ನನ್ನ ತರಗತಿಯಲ್ಲಿ ಕುಳಿತವನು. ಪಾಶ್ಚಾತ್ಯರ ರಾಕ್ ಸಂಗೀತವೆಂದರೆ ಅವನಿಗೆ ಪ್ರಾಣ. ರಜೆಗೆ ಊರಿಗೆ ಬಂದಾಗಲೆಲ್ಲ ನಮ್ಮ ಮನೆಗೂ ಬಂದುಹೋಗುತ್ತಾನೆ. ಒಮ್ಮೆ ಹಾಗೆ ಬಂದವನು ಒಂದು ಕಛೇರಿಯ ಎರಡು ರೂಪಗಳನ್ನು ಜೊತೆಗೆ ತಂದಿದ್ದ. ಮಧ್ಯಾಹ್ನ ಹಾಡಿದ್ದು ಒಂದು, ಅದೇ ದಿನ ಸಂಜೆ ಹಾಡಿದ್ದು ಇನ್ನೊಂದು. ಯಾವುದು ಮೇಲೆಂಬ ಬಗ್ಗೆ ಅವನಿಗೂ ಅವನ ಗೆಳೆಯನೊಬ್ಬನಿಗೂ ವರ್ಷಗಳಿಂದ ವ್ಯಾಜ್ಯ. ಅವನು ಮಧ್ಯಾಹ್ನದ ಪಕ್ಷ. ಗೆಳೆಯನದು ಸಂಜೆಯ ಪಕ್ಷ. “ಸಾರ್, ನೀವು ಪಾಠಾಂತರ ನೋಡಿದವರು, ತೀರ್ಪು ಹೇಳಿ” ಎಂದ.

ಆ ಕಛೇರಿ ನಡೆದದ್ದು 1971ರ ಆಗಸ್ಟ್ 1ರ ಭಾನುವಾರ, ನ್ಯೂಯಾರ್ಕ್ ನಗರದ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ವಿಶಾಲ ಸಭಾಂಗಣದಲ್ಲಿ. ಬಾಂಗ್ಲಾದೇಶದ ನಿರಾಶ್ರಿತರ ಸಹಾಯಾರ್ಥವಾಗಿ ಅದನ್ನು ಏರ್ಪಡಿಸಲಾಗಿತ್ತು. 1970ರ ನವೆಂಬರಿನ ಚಂಡಮಾರುತದಲ್ಲಿ ಪೂರ್ವ ಬಂಗಾಳದ ಲಕ್ಷಾಂತರ ಜನ ಸತ್ತಿದ್ದರು. ಮರುವರ್ಷದ ಮಾರ್ಚಿಯಲ್ಲಿ ಪಾಕಿಸ್ತಾನದ ಸೇನೆ ಅಲ್ಲಿ ದಮನಕಾರ್ಯ ಆರಂಭಿಸಿದ ಮೇಲೆ ಗಡಿ ದಾಟಿ ನಮ್ಮ ದೇಶಕ್ಕೆ ಬಂದವರ ಸಂಖ್ಯೆ ವರ್ಷ ಮುಗಿಯುವ ಹೊತ್ತಿಗೆ ಸುಮಾರು ಒಂದು ಕೋಟಿಯಾಯಿತು. ಪಂಡಿತ್ ರವಿಶಂಕರ್ ಹುಟ್ಟಿದ್ದು ಕಾಶಿಯಲ್ಲಾದರೂ ಅವರ ಮನೆತನದ ಮೂಲ ಆ ನಾಡಿನದು. ಆಗ ಅಮೆರಿಕದಲ್ಲಿದ್ದ ಅವರು ಒಂದು ಕಛೇರಿ ಮಾಡಿ ಇಪ್ಪತ್ತೈದು ಸಾವಿರ ಡಾಲರ್ ಕೂಡಿಸಬಹುದೇ ಎಂದು ಯೋಚಿಸುತ್ತಿದ್ದರು. ತಮ್ಮಲ್ಲಿ ಸಿತಾರ್ ಕಲಿಯಲು ಬಂದು ಗೆಳೆಯನಾದ ಜಾರ್ಜ್ ಹ್ಯಾರಿಸನ್ ಅವರಲ್ಲಿ ಆ ಮಾತನ್ನೆತ್ತಿದರು. ಹ್ಯಾರಿಸನ್ ಬೀಟಲ್ಸ್ ತಂಡದವರು. ತಂಡ ಒಡೆದು ಒಂದು ವರ್ಷವಾಗಿತ್ತಷ್ಟೆ. ಅವರು ಐದಾರು ವಾರಗಳಲ್ಲಿ ತಮ್ಮ ಸಂಗಡಿಗರನ್ನೆಲ್ಲ ಕರೆದು ಒಟ್ಟುಗೂಡಿಸಿದರು: ಅದೇ ತಂಡದ ರಿಂಗೋ ಸ್ಟಾರ್, ಗಿಟಾರಿನ ಎರಿಕ್ ಕ್ಲ್ಯಾಪ್ಟನ್, ಲಿಯಾನ್ ರಸೆಲ್, ಬಿಲ್ಲಿ ಪ್ರೆಸ್ಟನ್, ಕೊನೆಯ ಗಳಿಗೆಯವರೆಗೂ ಬರುವುದು ಖಚಿತವಿಲ್ಲದಿದ್ದ ಬಾಬ್ ಡಿಲನ್. ಚೀಟಿಗಳು ಕ್ಷಣಮಾತ್ರದಲ್ಲಿ ಮಾರಾಟವಾಗಿಹೋದುದರಿಂದ ಅದೇ ದಿನ ಎರಡನೆಯ ಪ್ರದರ್ಶನವನ್ನೂ ಸೇರಿಸಬೇಕಾಯಿತು. ಎರಡು ಹೊತ್ತಿಗೆ ಒಟ್ಟು ಸುಮಾರು ನಲವತ್ತು ಸಾವಿರ ಜನ ಕೇಳಿದರು.

ಈ ಎರಡನೆಯ ಪ್ರದರ್ಶನವೇ ರಸಿಕರ ವ್ಯಾಜ್ಯಕ್ಕೆ ಮೂಲ. ಹಾಡಿದವರು ಅವರೇ, ವೇದಿಕೆ ಅದೇ. ಆದರೂ ಕಛೇರಿ ಒಂದೇ ಅಲ್ಲ. ಮಧ್ಯಾಹ್ನ ಹ್ಯಾರಿಸನ್ ‘ಹಿಯರ್ ಮಿ ಲಾರ್ಡ್’ ಎಂಬ ಪ್ರಾರ್ಥನೆಯಂಥ ಹಾಡನ್ನು ಹಾಡಿದರು. ಸಂಜೆ ಅದನ್ನು ಕೈಬಿಟ್ಟರು. ಹರೇಕೃಷ್ಣ ನಾಮಸ್ಮರಣೆಯೂ ಸೇರಿರುವ ‘ಮೈ ಸ್ವೀಟ್ ಲಾರ್ಡ್’ ಮಧ್ಯಾಹ್ನ ಕೊನೆಯ ಹೊತ್ತಿಗೆ ಬಂದದ್ದು ಸಂಜೆ ಆರಂಭದಲ್ಲಿಯೇ ಬಂತು. ಡಿಲನ್ ಎರಡೂ ಹೊತ್ತು ಐದೈದು ಹಾಡುಗಳನ್ನು ಹಾಡಿದರು. ನಾಲ್ಕು ಹಾಡು ಅವೇ, ಒಂದು ಮಾತ್ರ ಬೇರೆ. ಮಧ್ಯಾಹ್ನ ‘ಲವ್ ಮೈನಸ್ ಝೀರೋ’, ಸಂಜೆ ಅದರ ಬದಲಿಗೆ ‘ಮಿಸ್ಟರ್ ಟ್ಯಾಂಬರೀನ್ ಮ್ಯಾನ್’. ಮೊದಲ ಪ್ರದರ್ಶನದಲ್ಲಿ ಅಂಜಿಕೆ, ಎರಡನೆಯದರಲ್ಲಿ ಆತ್ಮವಿಶ್ವಾಸ, ಆದ್ದರಿಂದ ಸಂಜೆಯದೇ ಮೇಲು ಎಂಬುದು ಬಹುಜನರ ಅಭಿಪ್ರಾಯ. ನನ್ನ ವಿದ್ಯಾರ್ಥಿಯ ವಾದ ಇದಕ್ಕೆ ತದ್ವಿರುದ್ಧ. ಆ ಅಂಜಿಕೆಯೇ ತನಗೆ ಬೇಕಾದದ್ದು, ಮುಂದೇನಾಗುವುದೋ ಎಂದು ಹಾಡುವವನಿಗೂ ತಿಳಿಯದ ಗಳಿಗೆ ಒಂದು ಸಲ ಮಾತ್ರ ಒದಗುತ್ತದೆ ಎಂದು ಅವನು ಹೇಳುತ್ತಾನೆ. ಡಿಲನ್ 1966ರಲ್ಲಿ ಮೋಟಾರು ಸೈಕಲ್ಲಿನಿಂದ ಬಿದ್ದ ಮೇಲೆ ಸಭೆಗಳಲ್ಲಿ ಹಾಡುವುದನ್ನು ಬಹುಮಟ್ಟಿಗೆ ಬಿಟ್ಟಿದ್ದರು. ಅಂಥವರು ಗಿಟಾರ್ ಹಿಡಿದು ಬೆಳಕಿಗೆ ಬಂದಾಗ ಮಧ್ಯಾಹ್ನದ ಸಭೆಯಿಂದೆದ್ದ ಸದ್ದು ಸಂಜೆಯ ಸಭೆಯಿಂದ ಏಳಲಾರದೆಂಬುದು ಅವನ ಪ್ರಧಾನ ಸಾಕ್ಷ್ಯ. ಮಧ್ಯಾಹ್ನ ಕೇಳಿದವರು ಊರಿಗೆಲ್ಲ ಸುದ್ದಿ ಹಬ್ಬಿಸಿಬಿಟ್ಟಿದ್ದರಲ್ಲ!

ಇಲ್ಲಿ ಒಂದು ತೊಡಕಿದೆ. ಜಗತ್ತು ಕೇಳಿದ್ದು ಈ ಎರಡರಲ್ಲಿ ಯಾವುದನ್ನೂ ಇದ್ದಕ್ಕಿದ್ದಂತೆ ಅಲ್ಲ. 1971ರ ಡಿಸೆಂಬರಿನಲ್ಲಿ ಮೂರು ತಟ್ಟೆಗಳ ಧ್ವನಿಮುದ್ರಿಕೆ ಹೊರಬಂದಿತು. 1972ರಲ್ಲಿ ಚಲನಚಿತ್ರವೂ ಬಂದಿತು. ಧ್ವನಿಮುದ್ರಿಕೆಯನ್ನು ಹ್ಯಾರಿಸನ್ ಮತ್ತು ಫಿಲ್ ಸ್ಪೆಕ್ಟರ್ ಸಿದ್ಧಪಡಿಸಿದರು. ಅದರ ಬಹುಪಾಲು ಸಂಜೆಯದು. ನಡುನಡುವೆ ಮಧ್ಯಾಹ್ನದ ತುಣುಕುಗಳೂ ಸೇರಿವೆ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಅದು ಮಿಶ್ರಪಾಠ. ಯಾವ ಕೇಳುಗನೂ ಯಾವ ಹೊತ್ತಿನಲ್ಲಿಯೂ ಆ ಕಛೇರಿಯನ್ನು ಇಡಿಯಾಗಿ ಆ ರೂಪದಲ್ಲಿ ಕೇಳಿರಲಿಲ್ಲ. 2005ರ ಮರುಮುದ್ರಣದಲ್ಲಿ ಮಧ್ಯಾಹ್ನದ ‘ಲವ್ ಮೈನಸ್ ಝೀರೋ’ವನ್ನು ಕೊನೆಗೆ ಅನುಬಂಧದಂತೆ ಜೋಡಿಸಿದರು. ಸಂಪಾದಕನು ಬಿಟ್ಟ ಪದ್ಯವನ್ನು ಅಡಿಟಿಪ್ಪಣಿಯಲ್ಲಿ ಉಳಿಸುವಂತೆ! ಮಧ್ಯಾಹ್ನದ ಕಛೇರಿಯ ಉಳಿದ ಭಾಗ ಬೇಕಾದವರು ಅಭಿಮಾನಿಗಳ ನಡುವೆ ಕೈಯಿಂದ ಕೈಗೆ ಸಾಗಿಬಂದ, ಅಧಿಕೃತವಲ್ಲದ, ಗೊರಗುಟ್ಟುವ ಮುದ್ರಣಗಳನ್ನೇ ಆಶ್ರಯಿಸಬೇಕು. ಹುಳು ತಿಂದ ಓಲೆಯನ್ನು ಓದಿದವನಿಗೆ ಇದು ಹೊಸ ಕಷ್ಟವೇನಲ್ಲ.

ತಪ್ಪುಗಳ ಮಾತನ್ನೂ ಆಡಬೇಕು. ರಿಂಗೋ ಸ್ಟಾರ್ ತಮ್ಮದೇ ಹಾಡಿನ ಸಾಲುಗಳನ್ನು ಮರೆತು ತಡವರಿಸಿದರು; ಧ್ವನಿಮುದ್ರಿಕೆಯಲ್ಲಿ ಅದನ್ನು ಅಳಿಸಲಿಲ್ಲ. ಕ್ಲ್ಯಾಪ್ಟನ್ ಆಗ ಮಾದಕ ದ್ರವ್ಯಕ್ಕೆ ಸೆರೆಯಾಗಿದ್ದು ಅಭ್ಯಾಸಕ್ಕೂ ಸರಿಯಾಗಿ ಬರಲಾಗದ ಸ್ಥಿತಿಯಲ್ಲಿದ್ದರು. ಅಂದು ಹಿಡಿದ ಗಿಟಾರ್ ಆ ಹಾಡಿಗೆ ಹೊಂದುವಂಥದಲ್ಲವೆಂದು ಮುಂದೆ ಅವರೇ ಒಪ್ಪಿಕೊಂಡರು. ರಸಿಕರು ಇದನ್ನೆಲ್ಲ ಪಟ್ಟಿ ಮಾಡಿ ಇಟ್ಟಿದ್ದಾರೆ. ಧರ್ಮಾರ್ಥವಾಗಿ, ಬಿಡಿಗಾಸು ಪಡೆಯದೆ ಹಾಡಿದವರ ತಪ್ಪನ್ನು ಎಣಿಸುವುದು ಸರಿಯೇ ಎಂದು ನಾನು ಕೇಳಿದೆ. ನಮ್ಮ ಊರುಗಳಲ್ಲಿ ಶಾಲೆಯ ಕಟ್ಟಡದ ಸಹಾಯಾರ್ಥ ನಾಟಕವಾದರೆ ಅರ್ಜುನ ಮಾತು ಮರೆತರೂ ನಾವು ನಕ್ಕು ಸುಮ್ಮನಾಗುತ್ತಿದ್ದೆವು. ಚೀಟಿ ಕೊಂಡದ್ದು ಗೋಡೆಗೆ ಹೊರತು ಅರ್ಜುನನಿಗಲ್ಲ. ನನ್ನ ವಿದ್ಯಾರ್ಥಿ ಒಪ್ಪಲಿಲ್ಲ. ಅವನು 1985ರ ಜುಲೈ 13ರಂದು ಇಥಿಯೋಪಿಯದ ಬರಗಾಲಕ್ಕಾಗಿ ಲಂಡನ್ ಮತ್ತು ಫಿಲಡೆಲ್ಫಿಯಗಳಲ್ಲಿ ಒಂದೇ ದಿನ ನಡೆದ ‘ಲೈವ್ ಏಡ್’ ಕಛೇರಿಯ ನಿದರ್ಶನ ಕೊಟ್ಟ. ಅಲ್ಲಿ ಕ್ವೀನ್ ತಂಡದ ಸುಮಾರು ಇಪ್ಪತ್ತು ನಿಮಿಷಗಳನ್ನು ಇಂದಿಗೂ ಎಲ್ಲರೂ ಕೊಂಡಾಡುತ್ತಾರೆ. ಅದೇ ದಿನ ಮತ್ತೆ ಒಂದಾಗಿ ಹಾಡಿದ ಲೆಡ್ ಝೆಪೆಲಿನ್ ತಂಡದವರು ತಮ್ಮ ಹಾಡಿಕೆ ತಮಗೇ ಹಿಡಿಸದೆ, 2004ರಲ್ಲಿ ಕಛೇರಿಯ ಅಧಿಕೃತ ದೃಶ್ಯಮುದ್ರಣ ಹೊರಬಂದಾಗ ಅದರಲ್ಲಿ ತಮ್ಮ ಭಾಗ ಬೇಡವೆಂದರು. ಕಲಾವಿದನೇ ತನ್ನನ್ನು ಬಿಡದೆ ಅಳೆದುಕೊಳ್ಳುವಾಗ ಕೇಳುಗ ಏಕೆ ಅಳೆಯಬಾರದು ಎಂಬುದು ಅವನ ಪ್ರಶ್ನೆ. ನನಗೆ ಉತ್ತರ ತೋಚಲಿಲ್ಲ. ರಿಂಗೋ ಅವರ ತಡವರಿಕೆಯನ್ನು ಉಳಿಸಿದವರೇ ಹೆಚ್ಚು ದೊಡ್ಡವರೆಂದು ಮಾತ್ರ ಈಗಲೂ ಅನಿಸುತ್ತದೆ.

ನಾನು ಹೇಳಬೇಕೆಂದಿರುವ ಸಂಗತಿ ಇನ್ನೊಂದಿದೆ. ಮೊದಲ ದಿನ ಅವನು ಕಛೇರಿಯನ್ನು ಕೇಳಿಸಲು ತೊಡಗಿದಾಗ, ಹ್ಯಾರಿಸನ್ ಅವರ ಸ್ವಾಗತದ ನಾಲ್ಕು ಮಾತು ಮುಗಿದೊಡನೆ ಕೈಚಾಚಿ ಮುಂದಕ್ಕೆ ಓಡಿಸಿದ. “ತಡೀಯಪ್ಪಾ, ಅಲ್ಲಿ ಸಿತಾರ್ ಕೇಳಿಸಿತಲ್ಲ?” ಎಂದೆ. “ಅದು ಪೀಠಿಕೆ ಸಾರ್, ಕಛೇರಿ ಆಮೇಲೆ” ಎಂದ. ಪೀಠಿಕಾ ಸಂಧಿಯನ್ನು ಬಿಟ್ಟು ಕಥೆಗೆ ಹಾರುವ ಓದುಗರನ್ನು ನಾನು ಬಹಳ ಕಂಡಿದ್ದೇನೆ. ಆದರೆ ಈ ಕಛೇರಿಯಲ್ಲಿ ಬಿಟ್ಟುಹೋಗುತ್ತಿದ್ದ ಪೀಠಿಕೆ ಎಂಥದು! ರವಿಶಂಕರರ ಸಿತಾರ್, ಅಲಿ ಅಕ್ಬರ್ ಖಾನರ ಸರೋದ್, ಅಲ್ಲಾ ರಖಾ ಅವರ ತಬಲಾ, ಕಮಲಾ ಚಕ್ರವರ್ತಿಯವರ ತಂಬೂರಿ. ಅಲಿ ಅಕ್ಬರ್ ಹುಟ್ಟಿದ ಹಳ್ಳಿ ಪೂರ್ವ ಬಂಗಾಳದ್ದೇ; ಅವರ ತಂದೆ ಅಲ್ಲಾವುದ್ದೀನ್ ಖಾನರೇ ರವಿಶಂಕರರಿಗೂ ಗುರು. ಯಾರ ಊರು ಉರಿಯುತ್ತಿತ್ತೋ ಅವರೇ ಮೊದಲು ನುಡಿಸಿದರು. ಆ ಮೇಲೆ ನಿರಾಶ್ರಿತರ ಪಾಡಿನ ಚಿತ್ರಗಳನ್ನು ತೆರೆಯ ಮೇಲೆ ತೋರಿಸಿದರು. ಉಳಿದವರು ಹಾಡಿದ್ದು ಅನಂತರ.

ಅಂದು ನಡೆದ ಒಂದು ಪ್ರಸಂಗ ಪ್ರಸಿದ್ಧವಾಗಿದೆ. ಸಿತಾರಿಗೂ ಸರೋದಿಗೂ ನುಡಿಸುವ ತಂತಿಗಳಲ್ಲದೆ ಅವುಗಳ ಕೆಳಗೆ ಅನುರಣನಕ್ಕೆಂದು ಹತ್ತಕ್ಕೂ ಮಿಕ್ಕ ತರಬ್ ತಂತಿಗಳಿರುತ್ತವೆ. ದೀಪಗಳ ಕಾವಿಗೆ ಅವು ಇಳಿಯುತ್ತವೆ, ಏರುತ್ತವೆ. ಆದ್ದರಿಂದ ಆರಂಭಕ್ಕೆ ಮುನ್ನ ಶ್ರುತಿ ಸರಿಪಡಿಸಿಕೊಳ್ಳಲೇಬೇಕು. ವಾದ್ಯಗಳ ಶ್ರುತಿ ಕೂಡಿ ಸದ್ದು ನಿಂತಾಗ ಸಭೆ ಅದನ್ನೇ ಒಂದು ಕೃತಿಯೆಂದು ಭಾವಿಸಿ ಜೋರಾಗಿ ಚಪ್ಪಾಳೆ ತಟ್ಟಿತು. ರವಿಶಂಕರರು ವಂದನೆ ಹೇಳಿ, ಶ್ರುತಿ ಮಾಡಿಕೊಂಡದ್ದೇ ಇಷ್ಟು ಹಿಡಿಸಿದ್ದರೆ ನುಡಿಸುವುದು ಇನ್ನೂ ಹಿಡಿಸೀತೆಂದು ತಮಗೆ ಭರವಸೆಯಿದೆ ಎಂಬರ್ಥದ ಮಾತನ್ನಾಡಿದರು. ಈ ಪ್ರಸಂಗವನ್ನು ಹೇಳಿ ನಗುವುದು ನಮ್ಮವರಿಗೆ ರೂಢಿ, ನಾನೂ ನಕ್ಕವನೇ. ಧ್ವನಿಮುದ್ರಿಕೆಯನ್ನು ಕೇಳಿದ ಮೇಲೆ ಆ ನಗು ನಿಂತಿತು. ರಾಕ್ ಕೇಳಲು ಬಂದ ಅಷ್ಟು ಸಾವಿರ ಜನ ತಂತಿ ಬಿಗಿಯುವ ಸದ್ದನ್ನೂ ಬಾಯಿಮುಚ್ಚಿ ಕೇಳಿದ್ದರು. ನಮ್ಮ ಸಭೆಗಳಲ್ಲಿ ಆ ಹೊತ್ತು ಕಾಫಿಯ ಮಾತಿಗೆ ಮೀಸಲು.

ಅವರು ನುಡಿಸಿದ್ದು ‘ಬಾಂಗ್ಲಾ ಧುನ್’. ಧುನ್ ಎಂದರೆ ಜನಪದ ಮಟ್ಟನ್ನು ಆಧರಿಸಿದ, ರಾಗದ ಕಟ್ಟುಪಾಡು ತುಸು ಸಡಿಲವಾದ ರಚನೆ. ಹಿಂದುಸ್ತಾನಿ ಕಛೇರಿಯಲ್ಲಿ ಗಂಟೆಗಟ್ಟಲೆ ರಾಗವಿಸ್ತಾರ ಮಾಡಿದ ಮೇಲೆ, ಕೊನೆಗೆ ಮನಸ್ಸು ಹಗುರಾಗಲೆಂದು ಅದನ್ನು ನುಡಿಸುವುದು ಸಂಪ್ರದಾಯ. ಇಲ್ಲಿ ಅದು ಮೊದಲಿಗೇ ಬಂತು. ಪರಿಚಯವಿಲ್ಲದ ಸಭೆಗೆ ಅದೇ ಸುಲಭವೆಂಬ ಎಣಿಕೆ ಇದ್ದಿರಬಹುದು. ನನಗೆ ಮಾತ್ರ, ಊಟದ ಕೊನೆಗೆ ಬಡಿಸುವುದನ್ನು ಹಸಿದವರ ಹೆಸರಿನಲ್ಲಿ ಮೊದಲು ಬಡಿಸಿದಂತೆ ಕೇಳಿಸಿತು. ಸಿತಾರ್ ಹೇಳಿದ ಮಾತನ್ನು ಸರೋದ್ ಎತ್ತಿಕೊಂಡು ಇನ್ನಷ್ಟು ಕೆಳದನಿಯಲ್ಲಿ ಹೇಳುತ್ತದೆ. ಒಂದೇ ಮನೆಯಲ್ಲಿ ಬೆಳೆದ ಇಬ್ಬರು ಆ ಮನೆಯ ಸುದ್ದಿ ಆಡಿಕೊಂಡಂತೆ.

ಇದು ಮನೋಧರ್ಮದ ಸಂಗೀತ. ಬರೆದಿಟ್ಟ ಹಾಡು ಎರಡು ಹೊತ್ತಿನಲ್ಲಿ ಕೂದಲೆಳೆಯಷ್ಟು ಬದಲಾದೀತು. ಧುನ್ ಅಷ್ಟಕ್ಕೇ ನಿಲ್ಲದು. ಹಾಗಿದ್ದರೆ ಮಧ್ಯಾಹ್ನ–ಸಂಜೆಗಳ ಹೋಲಿಕೆಗೆ ಎಲ್ಲಕ್ಕಿಂತ ಫಲವತ್ತಾದ ಭಾಗ ಇದೇ ಅಲ್ಲವೇ? ಇಷ್ಟು ವರ್ಷಗಳ ವ್ಯಾಜ್ಯದಲ್ಲಿ ಅವನಾಗಲಿ ಅವನ ಗೆಳೆಯನಾಗಲಿ ಆ ಭಾಗದ ಪ್ರಸ್ತಾಪವನ್ನೇ ಮಾಡಿರಲಿಲ್ಲ. ಹಾಗೆಂದು ಸ್ವಲ್ಪ ಖಾರವಾಗಿಯೇ ಹೇಳಿದೆ. ಅವನು ಮೆಲ್ಲಗೆ, “ನೀವು ಡಿಲನ್ ಹಾಡನ್ನು ಇದಕ್ಕೆ ಮೊದಲು ಒಂದನ್ನಾದರೂ ಪೂರ್ತಿ ಕೇಳಿದ್ದೀರಾ ಸಾರ್?” ಎಂದ. ಕೇಳಿರಲಿಲ್ಲ. 2016ರ ಸಾಹಿತ್ಯದ ನೊಬೆಲ್ ಪುರಸ್ಕಾರ ಆ ಗಾಯಕನಿಗೆ ಬಂದಾಗ ಸಂಘವೊಂದರಲ್ಲಿ ಅದರ ವಿರುದ್ಧ ಮಾತನಾಡಿದ್ದೆ, ಆಗಲೂ ಕೇಳಿರಲಿಲ್ಲ. ಅದೇ ತಟ್ಟೆಗಳ ಮೊದಲ ಬದಿಯನ್ನು ಅವನು ಬಿಟ್ಟಿದ್ದ, ಉಳಿದ ಐದು ಬದಿಗಳನ್ನು ನಾನು ಬಿಟ್ಟಿದ್ದೆ. ಲೆಕ್ಕದಲ್ಲಿ ನನ್ನ ತಪ್ಪೇ ಹೆಚ್ಚು.

ದುಡ್ಡಿನ ಕಥೆಯನ್ನು ಹೇಳದೆ ಈ ವಿಷಯ ಪೂರ್ತಿಯಾಗದು. ಚೀಟಿಗಳಿಂದ ಬಂದ ಸುಮಾರು 2,43,000 ಡಾಲರ್ ವಿಶ್ವಸಂಸ್ಥೆಯ ಮಕ್ಕಳ ನಿಧಿಗೆ ಸಂದಿತು. ರವಿಶಂಕರರು ಬಯಸಿದ್ದಕ್ಕೆ ಸುಮಾರು ಹತ್ತು ಪಾಲು. ಧ್ವನಿಮುದ್ರಿಕೆ, ಚಲನಚಿತ್ರಗಳ ಹಣ ಅದಕ್ಕಿಂತ ಬಹಳ ದೊಡ್ಡದು. ಆದರೆ ಅವಸರದಲ್ಲಿ ಏರ್ಪಾಡಾದ ಕಛೇರಿಗೆ ತೆರಿಗೆ ವಿನಾಯಿತಿಯ ವಿಧಿಗಳನ್ನು ಮೊದಲೇ ಪೂರೈಸಿರಲಿಲ್ಲ. ಆದ್ದರಿಂದ ಆ ಹಣ ಅಮೆರಿಕದ ತೆರಿಗೆ ಇಲಾಖೆಯ ತಡೆಯಲ್ಲಿ ವರ್ಷಗಟ್ಟಲೆ ನಿಂತಿತು. 1985ರ ಹೊತ್ತಿಗೆ ಬಾಂಗ್ಲಾದೇಶಕ್ಕೆ ತಲುಪಿದ ಒಟ್ಟು ಮೊತ್ತ ಸುಮಾರು ಒಂದು ಕೋಟಿ ಇಪ್ಪತ್ತು ಲಕ್ಷ ಡಾಲರ್ ಎನ್ನುತ್ತಾರೆ. 1971ರಲ್ಲಿ ಶಿಬಿರದಲ್ಲಿದ್ದ ಕೂಸು ಅಷ್ಟರಲ್ಲಿ ಹೈಸ್ಕೂಲಿಗೆ ಹೋಗುವ ವಯಸ್ಸಿಗೆ ಬಂದಿರಬೇಕು, ಉಳಿದಿದ್ದರೆ. ಮಧ್ಯಾಹ್ನದ ಹಾಡಿಕೆಯೋ ಸಂಜೆಯದೋ, ಚೆನ್ನಾಗಿತ್ತೋ ಇಲ್ಲವೋ ಎಂಬುದರಿಂದ ಆ ಲೆಕ್ಕ ಕೂಡಲೂ ಇಲ್ಲ, ಕಳೆಯಲೂ ಇಲ್ಲ.

ಮುಂದಿನ ರಜೆಯಲ್ಲಿ ಅವನು ಬಂದಾಗ ಎರಡು ಹೊತ್ತಿನ ಕಛೇರಿಯನ್ನೂ ಮೊದಲಿನಿಂದ ಕೊನೆಯವರೆಗೆ ಕೇಳಿದೆವು. ಶ್ರುತಿಗೆ ಚಪ್ಪಾಳೆ ಬಿದ್ದಾಗ ಇಬ್ಬರೂ ನಗಲಿಲ್ಲ. ಧುನ್ ಮುಗಿದಾಗ ಅವನು ಏನೂ ಹೇಳದೆ, ಅದನ್ನೇ ಇನ್ನೊಮ್ಮೆ ಹಾಕಿದ. ಡಿಲನ್ ಹಾಡುವಾಗ ಹಿಂದೆ ವಾದ್ಯಗಳ ಅಬ್ಬರವಿಲ್ಲ. ಹ್ಯಾರಿಸನ್, ರಸೆಲ್, ರಿಂಗೋ ಮೂವರೇ. ದನಿ ಒರಟು, ಉಚ್ಚಾರಣೆ ಸ್ಪಷ್ಟ. ನಮ್ಮ ತತ್ವಪದಕಾರರನ್ನು ಕೇಳಿ ಬೆಳೆದವನಿಗೆ ಅದು ಅಪರಿಚಿತವಾಗಿ ತೋರಲಿಲ್ಲ. ಕೊನೆಗೆ ತೀರ್ಪು ಕೇಳಿದ. ಒಟ್ಟಂದದಲ್ಲಿ ಸಂಜೆಯದೇ ಮೇಲೆಂದೂ, ಆದರೆ ಡಿಲನ್ ಮಧ್ಯಾಹ್ನ ಹಾಡಿದ ಆ ಒಂದು ಹಾಡನ್ನು ಅದರೊಳಕ್ಕೆ ತಂದು ಇಡಬೇಕೆಂದೂ ಹೇಳಿದೆ. ಅವನು ಎದ್ದು ಚಪ್ಪಲಿ ಮೆಟ್ಟಿಕೊಳ್ಳುತ್ತ, “ಮಿಶ್ರಪಾಠ ಮಾಡಬಾರದೆಂದು ತರಗತಿಯಲ್ಲಿ ಹೇಳಿಕೊಟ್ಟವರು ನೀವೇ ಅಲ್ಲವೇ ಸಾರ್?” ಎಂದು ಹೊರಟುಹೋದ.