ಹೊಸ ಹೆಡ್‌ಫೋನ್ ನೂರು ತಾಸು 'ಮುರಬೇಕೆ'?

ಯಡ್ರಾವ: ಇಚಲಕರಂಜಿ ಪೇಟೆಯಿಂದ ತಂದ ಹೊಸ ಹೆಡ್‌ಫೋನಿನ ದನಿ ಚೂಪಾಗಿದೆ ಎಂದು ದೂರಿದರೆ, "ಜರಾ ಮುರೂ ದ್ಯಾ" ಎಂಬ ಉತ್ತರ ಬರುವುದುಂಟು. ಕನ್ನಡದ ಕಿವಿಗೆ ಇದು 'ಮುರಿದು ಹಾಕಿ' ಎಂದಂತೆ ಕೇಳಿಸೀತು! ಮರಾಠಿಯಲ್ಲಿ ಉಪ್ಪಿನಕಾಯಿ ಮುರುವುದೆಂದರೆ ಉಪ್ಪು-ಖಾರ ಹಿಡಿದು ಹದವಾಗುವುದು. ಇದಕ್ಕೇ ಆಡಿಯೊ ಪ್ರಿಯರು ಬರ್ನ್-ಇನ್ ಎನ್ನುತ್ತಾರೆ. 50ರಿಂದ 100 ತಾಸು ಹಾಡು ಹಚ್ಚಿಟ್ಟರೆ ಒಳಗಿನ ಪರದೆ ಸಡಿಲಾಗಿ ನಾದ ಬಿಚ್ಚಿಕೊಳ್ಳುತ್ತದೆ ಎಂಬುದು ಅವರ ನಂಬಿಕೆ.

ಪೂರ್ತಿ ಸುಳ್ಳೇನಲ್ಲ. ದೊಡ್ಡ ಸ್ಪೀಕರಿನ ಕೋನಿನ ಸುತ್ತಲಿನ ರಬ್ಬರು, ಹಿಂದಿನ ಸುಕ್ಕುಬಟ್ಟೆ ಮೊದಲ ಕೆಲ ಹೊತ್ತಿನ ಬಳಕೆಯಲ್ಲಿ ಸ್ವಲ್ಪ ಸಡಿಲಾಗುತ್ತವೆ. ಆದರೆ ಹೆಡ್‌ಫೋನಿನ ಪರದೆ ತೆಳುವಾದ ಪ್ಲಾಸ್ಟಿಕ್ ಹಾಳೆ. ಅದರ ಅಲುಗಾಟವೂ ಅತ್ಯಲ್ಪ. ಅಳೆದಾಗ ಸಿಗುವ ವ್ಯತ್ಯಾಸಕ್ಕಿಂತ, ಹೆಡ್‌ಫೋನನ್ನು ತಲೆಯ ಮೇಲೆ ಒಂದಿಷ್ಟು ಆಚೀಚೆ ಸರಿಸಿದಾಗ ಆಗುವ ವ್ಯತ್ಯಾಸವೇ ಹೆಚ್ಚು.

ಹಾಗಾದರೆ ವಾರದ ನಂತರ ದನಿ ಚೆನ್ನಾಯಿತು ಅನಿಸುವುದೇಕೆ? ಒಂದು, ಕಿವಿಯ ಮೆತ್ತೆ ತಲೆಯ ಆಕಾರಕ್ಕೆ ಕೂತುಕೊಳ್ಳುತ್ತದೆ. ಇನ್ನೊಂದು, ಕಿವಿಗೆ ರೂಢಿಯಾಗುತ್ತದೆ. ಪವರ್‌ಲೂಮ್ ಶೆಡ್ಡಿಗೆ ಹೊಸದಾಗಿ ಸೇರಿದವನಿಗೆ ಮೊದಲ ದಿನ ತಲೆ ಸಿಡಿಯುತ್ತದೆ. ತಿಂಗಳಾದ ಮೇಲೆ ಸದ್ದೇ ಇಲ್ಲವೆನ್ನುತ್ತಾನೆ. ಮಗ್ಗವೇನೂ ಸದ್ದು ಕಡಿಮೆ ಮಾಡಿರುವುದಿಲ್ಲ.

ಇದರಲ್ಲಿ ನಷ್ಟದ ಮಾತೊಂದಿದೆ. ದಿನಕ್ಕೆ ಎರಡು ತಾಸಿನಂತೆ ನೂರು ತಾಸಿಗೆ 50 ದಿನ ಬೇಕು. ಮಾಲು ಬದಲಿಸಿಕೊಡುವ ಅವಧಿ ಬಹಳ ಕಡೆ ವಾರ-ಹತ್ತು ದಿನ ಮಾತ್ರ. ಮುರುವ ತನಕ ಕಾದರೆ ಆ ಬಾಗಿಲು ಮುಚ್ಚಿರುತ್ತದೆ. ಆದ್ದರಿಂದ ಮೊದಲ ದಿನವೇ ಪರೀಕ್ಷಿಸಿ. ಗದಗಿನಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಅಭಂಗವನ್ನೂ ಹಾಡಿದರು, ದಾಸರ ಪದವನ್ನೂ ಹಾಡಿದರು. ಎರಡೂ ನಮಗೆ ಬಾಯಿಪಾಠ. ಅಂಥದ್ದೊಂದನ್ನು ಹಚ್ಚಿ ಹಿಂದಿನ ತಂಬೂರಿಯ ಝೇಂಕಾರ ಕೇಳಿ. 2024ರಲ್ಲಿ ಭೌಗೋಳಿಕ ಗುರುತು ಪಡೆದ ಮಿರಜದ ತಂಬೂರಿ ಪಕ್ಕದೂರಿನದೇ ಅಲ್ಲವೇ? ಹಳೆಯದನ್ನೂ ಹೊಸದನ್ನೂ ಒಂದೇ ಸದ್ದಿನಲ್ಲಿಟ್ಟು ಹೋಲಿಸಿ. ಜೋರಾಗಿರುವುದೇ ಒಳ್ಳೆಯದೆಂದು ಕಿವಿ ಮೋಸ ಹೋಗುತ್ತದೆ.

ಇನ್ನು ಆಂಪ್ಲಿಫೈಯರ್. ಕೊಳ್ಳುವ ಮುನ್ನ ಹೆಡ್‌ಫೋನ್ ಡಬ್ಬಿಯ ಮೇಲೆ ಓಮ್ ಎಷ್ಟು, ಒಂದು ಮಿಲಿವ್ಯಾಟಿಗೆ ಎಷ್ಟು ಡೆಸಿಬಲ್ ಎಂದು ನೋಡಿ. ಫೋನಿನ ಅಡಾಪ್ಟರು 1 ವೋಲ್ಟ್ ಕೊಟ್ಟರೆ 32 ಓಮಿನ ಹೆಡ್‌ಫೋನಿಗೆ ಸುಮಾರು 31 ಮಿಲಿವ್ಯಾಟ್ ಸಿಗುತ್ತದೆ. ಅದು ಮಿಲಿವ್ಯಾಟಿಗೆ 100 ಡೆಸಿಬಲ್‌ನದಾದರೆ 115 ಡೆಸಿಬಲ್ ತನಕ ಹೋಗುತ್ತದೆ, ಕಿವಿ ಕೆಡಿಸಲು ಧಾರಾಳ ಸಾಕು! ಇದಕ್ಕೆ ಆಂಪ್ಲಿಫೈಯರ್ ಬೇಡ. ಸೆನ್‌ಹೈಸರ್ ಎಚ್‌ಡಿ 600ರಂಥ 300 ಓಮಿನದಕ್ಕೆ ಅದೇ 1 ವೋಲ್ಟಿನಲ್ಲಿ ಸಿಗುವುದು 3.3 ಮಿಲಿವ್ಯಾಟ್. ಮೆಲ್ಲಗೆ ಧ್ವನಿಮುದ್ರಿಸಿದ ಶಾಸ್ತ್ರೀಯ ಸಂಗೀತಕ್ಕೆ ಇಲ್ಲಿ ಆಂಪ್ಲಿಫೈಯರ್ ನೆರವಾಗುತ್ತದೆ. ಅದರ ಸ್ವಂತ ಓಮ್ ಹೆಡ್‌ಫೋನಿನದರ ಎಂಟನೇ ಒಂದು ಭಾಗಕ್ಕಿಂತ ಕಡಿಮೆಯಿರಲಿ. ಹಳೆ ಸ್ಟೀರಿಯೊಗಳಲ್ಲಿ ಇದು ಹಲವೊಮ್ಮೆ ಹೆಚ್ಚಿದ್ದು, ದನಿಯ ಸಮತೋಲ ಕೆಡುತ್ತದೆ. ಬ್ಲೂಟೂತ್‌ನದಕ್ಕೆ ಆಂಪ್ಲಿಫೈಯರ್ ಒಳಗೇ ಇರುತ್ತದೆ, ಬೇರೆ ಕೊಳ್ಳುವುದು ದುಡ್ಡು ದಂಡ.

ಮಗ್ಗದ ಸದ್ದು ಮುಚ್ಚಲು ಪಾಳಿಯಲ್ಲಿ ಹಾಡು ಜೋರು ಮಾಡುವವರು ಒಂದು ಲೆಕ್ಕ ಗಮನಿಸಬೇಕು. ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ನಿಯೋಶ್ ಪ್ರಕಾರ 85 ಡೆಸಿಬಲ್‌ಗೆ ದಿನದ ಮಿತಿ 8 ತಾಸು, 88ಕ್ಕೆ 4 ತಾಸು, 91ಕ್ಕೆ 2 ತಾಸು. ಶೆಡ್ಡಿನಲ್ಲಿ ಇಯರ್‌ಪ್ಲಗ್ ಹಾಕಿಕೊಂಡು, ಹಾಡನ್ನು ಮನೆಗೆ ಬಂದ ಮೇಲೆ ಕೇಳುವುದು ಲೇಸು.