ಅಕ್ಕಿ ಡಬ್ಬಿಯಲ್ಲಿ ಫೋನ್, ನಾಯಿ ಕಡಿತಕ್ಕೆ ಖಾರದಪುಡಿ: ಫಾರ್ವರ್ಡ್ ಸಲಹೆ ತಪ್ಪಾದರೆ ಹೋಗುವುದೇನು?

"ಫೋನ್ ನೀರಿಗೆ ಬಿತ್ತೇ? ಅಕ್ಕಿ ಡಬ್ಬಿಯಲ್ಲಿ ಹೂತಿಡಿ." "ಒಬ್ಬರೇ ಇರುವಾಗ ಎದೆನೋವು ಬಂತೇ? ಜೋರಾಗಿ ಕೆಮ್ಮುತ್ತಿರಿ." "ನಾಯಿ ಕಾಟವೇ? ಗೇಟಿಗೆ ನೀಲಿ ನೀರಿನ ಬಾಟಲಿ ಕಟ್ಟಿ." ಇಂಥ ಸಂದೇಶಗಳು ನಿಮ್ಮ ಮನೆಯ ಗ್ರೂಪಿಗೂ ಬಂದಿರುತ್ತವೆ. ಕಳಿಸಿದವರಿಗೆ ಕೆಟ್ಟ ಉದ್ದೇಶ ಇರುವುದಿಲ್ಲ. ನಮ್ಮವರಿಗೆ ಉಪಯೋಗವಾಗಲಿ ಎಂದೇ ಕಳಿಸಿರುತ್ತಾರೆ.

ಕುಡಚಿಯಂಥ ಊರಿನಲ್ಲಿ ಈ ಸಂದೇಶಗಳಿಗೆ ಇನ್ನೊಂದು ಬಲ ಸೇರುತ್ತದೆ. ರಾಯಬಾಗ ತಾಲ್ಲೂಕಿನಲ್ಲಿ ಕೃಷ್ಣಾ ನದಿ ದಂಡೆಗಿರುವ, ಬೆಳಗಾವಿ–ಮಿರಜ್ ರೈಲು ಮಾರ್ಗದ ಈ ಊರಿನಲ್ಲಿ ಕನ್ನಡ, ಮರಾಠಿ, ಉರ್ದು, ಹಿಂದಿ ಎಲ್ಲವೂ ಕಿವಿಗೆ ಬೀಳುತ್ತವೆ. ಒಂದೇ ಸಲಹೆ ಬೆಳಿಗ್ಗೆ ಕನ್ನಡದಲ್ಲಿ, ಮಧ್ಯಾಹ್ನ ಮರಾಠಿಯಲ್ಲಿ, ಸಂಜೆ ಹಿಂದಿಯಲ್ಲಿ ಬರುತ್ತದೆ. ಆಗ "ಮೂರು ಕಡೆಯವರು ಹೇಳುತ್ತಿದ್ದಾರೆ, ನಿಜವೇ ಇರಬೇಕು" ಅನಿಸುತ್ತದೆ. ಆದರೆ ಅದು ಒಂದೇ ಸಂದೇಶದ ಮೂರು ಅನುವಾದ. ಸಾಕ್ಷಿ ಮೂರಲ್ಲ, ಒಂದೇ. ಆ ಒಂದು ಕೂಡ ಯಾರದ್ದೆಂದು ಗೊತ್ತಿರುವುದಿಲ್ಲ.

ಹಾಗಾದರೆ ಬಂದ ಪ್ರತಿ ಸಲಹೆಯನ್ನೂ ಪರೀಕ್ಷಿಸುತ್ತ ಕೂರಬೇಕೇ? ಅದು ಆಗದ ಮಾತು. ಅದರ ಬದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಸಲಹೆ ತಪ್ಪಾಗಿದ್ದರೆ ನಾನು ಕಳೆದುಕೊಳ್ಳುವುದೇನು? ನಷ್ಟ ಚಿಕ್ಕದಾದರೆ ನಕ್ಕು ಬಿಟ್ಟುಬಿಡಬಹುದು. ದೊಡ್ಡದಾದರೆ ಫಾರ್ವರ್ಡ್ ಮಾಡುವ ಮೊದಲು ನಿಲ್ಲಬೇಕು. ನಾವು ದಿನಾ ನೋಡುವ ಏಳು ಸಲಹೆಗಳನ್ನು ಈ ಪ್ರಶ್ನೆಯಿಂದಲೇ ಅಳೆಯೋಣ. ಕಡಿಮೆ ನಷ್ಟದ್ದು ಮೊದಲು.

1. ನೀಲಿ ನೀರಿನ ಬಾಟಲಿ ಕಟ್ಟಿದರೆ ನಾಯಿ ಬರುವುದಿಲ್ಲವೇ?

ಕರ್ನಾಟಕದ ಎಷ್ಟೋ ಓಣಿಗಳಲ್ಲಿ ಮನೆ ಮುಂದೆ ನೀಲಿ ಅಥವಾ ಕೆಂಪು ನೀರಿನ ಬಾಟಲಿಗಳನ್ನು ಕಾಣಬಹುದು. ನಾಯಿಗೆ ನಮ್ಮಷ್ಟು ಬಣ್ಣಗಳು ಕಾಣುವುದಿಲ್ಲ. ನೀಲಿ ಮತ್ತು ಹಳದಿಯನ್ನು ಅದು ಗುರುತಿಸಬಲ್ಲದು, ಕೆಂಪು ಅದಕ್ಕೆ ಮಂಕಾಗಿ ಕಾಣುತ್ತದೆ. ನೀಲಿ ಕಂಡರೂ ಅದಕ್ಕೆ ಹೆದರಲು ಕಾರಣವಿಲ್ಲ. ಹೊಸ ವಸ್ತು ಎಂದು ಒಂದೆರಡು ದಿನ ದೂರ ನಿಂತರೂ ಆಮೇಲೆ ಅದೇ ಬಾಟಲಿಯ ಪಕ್ಕದಲ್ಲೇ ಮಲಗುತ್ತದೆ. ಮನೆ ಮುಂದೆ ಉಳಿದ ಅನ್ನ, ಕಸ ಬೀಳದಂತೆ ನೋಡಿಕೊಂಡರೆ ಹೆಚ್ಚು ಉಪಯೋಗ.

ತಪ್ಪಾದರೆ ಹೋಗುವುದು: ಒಂದು ಖಾಲಿ ಬಾಟಲಿ, ಒಂದು ಚಮಚ ನೀಲಿ.

2. ಫ್ಯಾನ್ ನಿಧಾನ ಮಾಡಿದರೆ ಕರೆಂಟ್ ಉಳಿಯುವುದಿಲ್ಲವೇ?

ಇದು ಅರ್ಧ ನಿಜ. ಹಳೆಯ ಕಾಲದ ದೊಡ್ಡ ಡಬ್ಬಿಯಂಥ ರೆಗ್ಯುಲೇಟರ್ ಫ್ಯಾನಿಗೆ ಹೋಗುವ ವಿದ್ಯುತ್ತಿನ ಒಂದು ಭಾಗವನ್ನು ಬಿಸಿಯಾಗಿ ಪರಿವರ್ತಿಸಿ ಕಳೆಯುತ್ತಿತ್ತು. ಹಾಗಾಗಿ ವೇಗ ತಗ್ಗಿಸಿದರೂ ಉಳಿತಾಯ ಕಡಿಮೆ. ಈಗಿನ ಸಣ್ಣ ಎಲೆಕ್ಟ್ರಾನಿಕ್ ರೆಗ್ಯುಲೇಟರ್‌ನಲ್ಲಿ ವೇಗ ತಗ್ಗಿಸಿದರೆ ವಿದ್ಯುತ್ ಉಳಿಯುತ್ತದೆ.

ದೊಡ್ಡ ಉಳಿತಾಯ ಇರುವುದು ಫ್ಯಾನಿನಲ್ಲೇ. ಸಾಮಾನ್ಯ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್ ಎಳೆಯುತ್ತದೆ, ಬಿಎಲ್‌ಡಿಸಿ ಫ್ಯಾನ್ ಸುಮಾರು 30 ವ್ಯಾಟ್. ದಿನಕ್ಕೆ 10 ಗಂಟೆ ಓಡಿದರೆ ತಿಂಗಳಿಗೆ ಮೊದಲಿನದು 22.5 ಯೂನಿಟ್, ಎರಡನೆಯದು 9 ಯೂನಿಟ್. ಇನ್ನೊಂದು ಮಾತು: ಫ್ಯಾನ್ ಕೋಣೆಯನ್ನು ತಂಪು ಮಾಡುವುದಿಲ್ಲ, ಬೆವರು ಆರಿಸಿ ನಮ್ಮ ಮೈಯನ್ನು ತಂಪು ಮಾಡುತ್ತದೆ. ಯಾರೂ ಇಲ್ಲದ ಕೋಣೆಯಲ್ಲಿ ಅದು ತಿರುಗುವುದು ದಂಡ.

ತಪ್ಪಾದರೆ ಹೋಗುವುದು: ಬಿಲ್ಲಿನಲ್ಲಿ ಸ್ವಲ್ಪ ಹಣ.

3. ನೀರಿಗೆ ಬಿದ್ದ ಫೋನನ್ನು ಅಕ್ಕಿಯಲ್ಲಿ ಇಡಬೇಕೇ?

ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಜೋರಾದರೆ ಕುಡಚಿ–ಉಗಾರ ಸೇತುವೆ ಮುಳುಗುವ ಸುದ್ದಿ ಬರುತ್ತದೆ. 2019ರ ಆಗಸ್ಟ್ ಮತ್ತು 2021ರ ಜುಲೈ ಪ್ರವಾಹವನ್ನು ನದಿ ದಂಡೆಯವರು ಮರೆತಿಲ್ಲ. ಇಂಥ ಕಡೆ ಒದ್ದೆ ಫೋನ್ ಹೊಸ ಸಂಗತಿಯಲ್ಲ.

ಫೋನನ್ನು ಕೆಡಿಸುವುದು ಬರೀ ನೀರಲ್ಲ. ನೀರಿನಲ್ಲಿರುವ ಲವಣ, ಮಣ್ಣು ಮತ್ತು ಒಳಗಿನ ವಿದ್ಯುತ್ ಸೇರಿ ಲೋಹದ ಭಾಗಗಳನ್ನು ತುಕ್ಕು ಹಿಡಿಸುತ್ತವೆ. ಫೋನಿನೊಳಗೆ ಸೇರಿದ ನೀರನ್ನು ಹೊರಗಿನ ಅಕ್ಕಿ ಎಳೆದುಕೊಳ್ಳುವುದಿಲ್ಲ. ಮೇಲಾಗಿ ಅಕ್ಕಿಯ ಹುಡಿ ಚಾರ್ಜಿಂಗ್ ತೂತಿನಲ್ಲಿ ಸೇರುತ್ತದೆ. ಐಫೋನ್ ತಯಾರಿಸುವ ಆಪಲ್ ಕಂಪನಿಯೇ ತನ್ನ ಸೂಚನೆಯಲ್ಲಿ ಅಕ್ಕಿ ಚೀಲದಲ್ಲಿ ಇಡಬೇಡಿ ಎಂದಿದೆ.

ಮತ್ತೆ ಎಷ್ಟೋ ಜನ "ನನ್ನ ಫೋನ್ ಅಕ್ಕಿಯಿಂದಲೇ ಸರಿಹೋಯಿತು" ಎನ್ನುತ್ತಾರಲ್ಲ? ಆ ಫೋನ್ ಹೊರಗೆ ಗಾಳಿಗೆ ಇಟ್ಟಿದ್ದರೂ ಒಣಗುತ್ತಿತ್ತು. ಸರಿಹೋದವರು ಗ್ರೂಪಿನಲ್ಲಿ ಬರೆಯುತ್ತಾರೆ. ಕೆಟ್ಟುಹೋದವರು ಸುಮ್ಮನೆ ಹೊಸದು ಕೊಳ್ಳುತ್ತಾರೆ. ಈ ಮಾತನ್ನು ನೆನಪಿಡಿ, ಮುಂದೆ ಮತ್ತೆ ಬೇಕಾಗುತ್ತದೆ.

ಮಾಡಬೇಕಾದ್ದು: ತಕ್ಷಣ ಸ್ವಿಚ್ ಆಫ್ ಮಾಡಿ. ಸಿಮ್ ತೆಗೆಯಿರಿ. ಚಾರ್ಜಿಂಗ್ ತೂತು ಕೆಳಗೆ ಮಾಡಿ ಅಂಗೈಗೆ ಮೆಲ್ಲಗೆ ತಟ್ಟಿ. ಗಾಳಿಯಾಡುವ ಒಣ ಜಾಗದಲ್ಲಿ ಒಂದು ದಿನ ಇಡಿ. ಹೇರ್ ಡ್ರೈಯರ್ ಬೇಡ. ಪೂರ್ತಿ ಒಣಗುವವರೆಗೆ ಚಾರ್ಜಿಗೆ ಹಾಕಲೇಬೇಡಿ. ಹೊಳೆಯ ಕೆಸರುನೀರು ಹೊಕ್ಕಿದ್ದರೆ ರಿಪೇರಿಯವರಿಂದ ಬಿಚ್ಚಿಸಿ ಸ್ವಚ್ಛ ಮಾಡಿಸಿ.

ತಪ್ಪಾದರೆ ಹೋಗುವುದು: ಫೋನ್, ಅದರೊಳಗಿನ ಫೋಟೋಗಳು.

ಇಲ್ಲಿಯವರೆಗೆ ಹೋದದ್ದು ವಸ್ತು, ಹಣ. ಇನ್ನು ಮುಂದಿನವು ಜೀವದ ಮಾತು.

4. ಸೈಕಲ್‌ನಲ್ಲಿ ರಸ್ತೆಯ ಬಲಕ್ಕೆ ಹೋದರೆ ಸುರಕ್ಷಿತವೇ?

"ಎದುರಿನ ಗಾಡಿ ಕಾಣುತ್ತದೆ, ಆದ್ದರಿಂದ ಬಲಕ್ಕೆ ಸೈಕಲ್ ಹೊಡೆಯಿರಿ" ಎಂಬ ಸಲಹೆ ಕೇಳಿರುತ್ತೀರಿ. ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ನಡೆದು ಹೋಗುವವರಿಗೆ ಇದು ಒಳ್ಳೆಯ ಸಲಹೆ. ಸೈಕಲ್ಲಿಗೆ ಅಲ್ಲ.

ಲೆಕ್ಕ ನೋಡಿ. ಸೈಕಲ್ ಗಂಟೆಗೆ 15 ಕಿ.ಮೀ., ಬೈಕ್ 50 ಕಿ.ಮೀ. ವೇಗದಲ್ಲಿದೆ, ನಡುವೆ 100 ಮೀಟರ್ ಅಂತರವಿದೆ ಎಂದುಕೊಳ್ಳಿ. ಇಬ್ಬರೂ ಒಂದೇ ದಿಕ್ಕಿನಲ್ಲಿದ್ದರೆ ಬೈಕ್ ಸವಾರನಿಗೆ ನಿಮ್ಮನ್ನು ನೋಡಿ ಸರಿಯಲು ಸುಮಾರು 10 ಸೆಕೆಂಡ್ ಸಿಗುತ್ತದೆ. ಎದುರುಬದುರಾದರೆ ಸಿಗುವುದು ಐದೂವರೆ ಸೆಕೆಂಡ್. ಅಲ್ಲದೆ ಅಡ್ಡದಾರಿಯಿಂದ ಎಡಕ್ಕೆ ತಿರುಗಿ ಮುಖ್ಯರಸ್ತೆ ಸೇರುವವರು ತಮ್ಮ ಬಲಗಡೆಯಿಂದ ಬರುವ ಗಾಡಿಗಳನ್ನಷ್ಟೇ ನೋಡುತ್ತಾರೆ. ತಪ್ಪು ಬದಿಯಿಂದ ಬರುವ ಸೈಕಲ್ ಅವರಿಗೆ ಕಾಣುವುದೇ ಇಲ್ಲ.

ರಾಜ್ಯ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದ ಮೇಲೆ ಹಳ್ಳಿಯ ರಸ್ತೆಗಳಲ್ಲಿ ಮಕ್ಕಳ ಸೈಕಲ್ ಹೆಚ್ಚಿದವು. ಇದೇ ರಸ್ತೆಗಳಲ್ಲಿ ಕಬ್ಬು ನುರಿಸುವ ಹಂಗಾಮಿನಲ್ಲಿ ಜೋಡಿ ಟ್ರಾಲಿಯ ಟ್ರ್ಯಾಕ್ಟರ್‌ಗಳು ರಾತ್ರಿಯೂ ಓಡುತ್ತವೆ, ಕೆಲವಕ್ಕೆ ಹಿಂದೆ ದೀಪವಿರುವುದಿಲ್ಲ. ಎಡಕ್ಕೇ ಇರಿ. ಸೈಕಲ್ ಹಿಂದೆ ಕೆಂಪು ರಿಫ್ಲೆಕ್ಟರ್, ಮುಂದೆ ಒಂದು ಬ್ಯಾಟರಿ ದೀಪ ಇರಲಿ. ಟ್ರಾಲಿಯ ಎಡಸಂದಿಯಲ್ಲಿ ನುಗ್ಗಬೇಡಿ.

ತಪ್ಪಾದರೆ ಹೋಗುವುದು: ಶಾಲೆಗೆ ಹೊರಟ ಮಗುವಿನ ಜೀವ.

5. ಗ್ಯಾಸ್ ವಾಸನೆ ಇಲ್ಲದಿದ್ದರೆ ಗೀಸರ್ ಸುರಕ್ಷಿತವೇ?

"ವಾಸನೆ ಬಂದರೆ ಮಾತ್ರ ಭಯ, ಇಲ್ಲದಿದ್ದರೆ ಕಿಟಕಿ ಮುಚ್ಚಿ ಬೆಚ್ಚಗೆ ಜಳಕ ಮಾಡಿ." ಚಳಿಗಾಲದಲ್ಲಿ ಕೇಳಿಬರುವ ಈ ಮಾತು ಬಹಳ ಅಪಾಯಕಾರಿ. ಅಡುಗೆ ಅನಿಲಕ್ಕೆ ಸೋರಿಕೆ ತಿಳಿಯಲೆಂದು ವಾಸನೆ ಬೆರೆಸಿರುತ್ತಾರೆ. ಆದರೆ ಮುಚ್ಚಿದ ಬಾತ್‌ರೂಮಿನಲ್ಲಿ ಗ್ಯಾಸ್ ಉರಿಯುವಾಗ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಬಂದು ಕೂಗಿ ಕರೆಯುವ ಮೊದಲೇ ಪ್ರಜ್ಞೆ ತಪ್ಪಬಹುದು.

ಗ್ಯಾಸ್ ಗೀಸರ್ ಮತ್ತು ಸಿಲಿಂಡರ್ ಎರಡೂ ಬಾತ್‌ರೂಮಿನ ಹೊರಗೆ, ಗಾಳಿಯಾಡುವ ಜಾಗದಲ್ಲಿರಲಿ. ಈಗಾಗಲೇ ಒಳಗೆ ಕೂರಿಸಿದ್ದರೆ ಹೊರಗೆ ಹಾಕಿಸುವವರೆಗೆ ಬಾಗಿಲು, ಕಿಟಕಿ ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಆಮೇಲೆ ಜಳಕಕ್ಕೆ ಹೋಗಿ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗುವುದೂ ಇದೇ ಕಾರಣಕ್ಕೆ ಅಪಾಯ.

ತಪ್ಪಾದರೆ ಹೋಗುವುದು: ಬಾಗಿಲು ಹಾಕಿಕೊಂಡು ಒಳಗೆ ಹೋದವರ ಜೀವ.

6. ಹೃದಯಾಘಾತವಾದಾಗ ಕೆಮ್ಮಿದರೆ ಬದುಕಬಹುದೇ?

ಇಲ್ಲ. ಹೃದಯಾಘಾತವೆಂದರೆ ಹೃದಯಕ್ಕೆ ರಕ್ತ ಕೊಡುವ ನಾಳ ಕಟ್ಟಿಕೊಳ್ಳುವುದು. ಆಗ ಹೃದಯ ಬಡಿಯುತ್ತಲೇ ಇರುತ್ತದೆ. ಕೆಮ್ಮಿದರೆ ಆ ತಡೆ ಕರಗುವುದಿಲ್ಲ. ಹೃದಯ ಸ್ತಂಭನ ಬೇರೆ: ಹೃದಯದ ಬಡಿತವೇ ನಿಂತು ಕೆಲವೇ ಸೆಕೆಂಡುಗಳಲ್ಲಿ ಎಚ್ಚರ ತಪ್ಪುತ್ತದೆ. ಎಚ್ಚರ ತಪ್ಪಿದವರು ಕೆಮ್ಮುವುದು ಹೇಗೆ? ಆಸ್ಪತ್ರೆಯಲ್ಲಿ ಇಸಿಜಿ ನೋಡುತ್ತಿರುವ ವೈದ್ಯರು ಬಡಿತ ದಿಢೀರ್ ತಪ್ಪಿದಾಗ ಕೆಲವು ರೋಗಿಗಳಿಗೆ ಕೆಮ್ಮಲು ಹೇಳುವುದುಂಟು. ಅದು ಮನೆಗೆ ಹೊಂದುವ ಉಪಾಯವಲ್ಲ.

ಎದೆ ಹಿಂಡಿದಂತಾಗಿ ನೋವು ತೋಳಿಗೆ, ದವಡೆಗೆ ಹಬ್ಬಿದರೆ, ತಣ್ಣನೆ ಬೆವರು ಬಂದರೆ ಕುಳಿತುಕೊಳ್ಳಿ, ಯಾರನ್ನಾದರೂ ಕೂಗಿ, 108ಕ್ಕೆ ಕರೆ ಮಾಡಿ. ಸ್ವತಃ ಬೈಕ್ ಓಡಿಸಿಕೊಂಡು ಹೋಗಬೇಡಿ. "ಗ್ಯಾಸ್ ಇರಬೇಕು" ಎಂದು ಸೋಡಾ ಕುಡಿದು ಕಾಯಬೇಡಿ. ರಾಜ್ಯದ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರ ಸಲಹೆ ಪಡೆದು, ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಬೇಗ ತಲುಪಿದಷ್ಟೂ ಹೃದಯ ಉಳಿಯುತ್ತದೆ.

ತಪ್ಪಾದರೆ ಹೋಗುವುದು: ಆಸ್ಪತ್ರೆಗೆ ಹೊರಡಬೇಕಿದ್ದ ಆ ಮೊದಲ ನಿಮಿಷಗಳು.

7. ನಾಯಿ ಕಡಿದ ಗಾಯಕ್ಕೆ ಖಾರದಪುಡಿ, ಸುಣ್ಣ ಹಚ್ಚಬೇಕೇ?

ಖಂಡಿತ ಬೇಡ. ರೇಬಿಸ್ ವೈರಸ್ ನಾಯಿಯ ಜೊಲ್ಲಿನಿಂದ ಗಾಯಕ್ಕೆ ಇಳಿದು, ನರದ ದಾರಿ ಹಿಡಿದು ಮಿದುಳಿಗೆ ಹೋಗುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳಲ್ಲಿ ಲಕ್ಷಣ ಕಾಣಿಸುತ್ತವೆ. ಕಾಣಿಸಿದ ಮೇಲೆ ಬದುಕುಳಿಯುವುದು ಅತಿ ಅಪರೂಪ. ಖಾರದಪುಡಿ, ಸುಣ್ಣ ಗಾಯವನ್ನು ಇನ್ನಷ್ಟು ಕೆದಕುತ್ತವೆ, ವೈರಸ್ಸನ್ನು ತೊಳೆಯುವುದಿಲ್ಲ.

"ನಮ್ಮ ಮಾಮಾಗ ಖಾರ ಹಚ್ಚಿದ್ವಿ, ಏನೂ ಆಗ್ಲಿಲ್ಲ" ಎನ್ನುವವರು ಪ್ರತಿ ಊರಿನಲ್ಲೂ ಇದ್ದಾರೆ. ಅಕ್ಕಿಯ ಮಾತನ್ನು ಇಲ್ಲಿ ನೆನೆಸಿಕೊಳ್ಳಿ. ಕಡಿದ ಎಲ್ಲ ನಾಯಿಗಳಿಗೂ ರೇಬಿಸ್ ಇರುವುದಿಲ್ಲ. ಆ ನಾಯಿಗೆ ರೋಗ ಇರಲಿಲ್ಲ, ಮಾಮಾ ಉಳಿದರು, ಹೆಸರು ಖಾರದಪುಡಿಗೆ ಬಂತು. ರೋಗವಿದ್ದ ನಾಯಿ ಕಡಿಸಿಕೊಂಡು ಖಾರ ಹಚ್ಚಿದವರು ಗ್ರೂಪಿಗೆ ಸಂದೇಶ ಕಳಿಸಲು ಉಳಿದಿರುವುದಿಲ್ಲ.

ಮಾಡಬೇಕಾದ್ದು: ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಿರಿ. ಬಟ್ಟೆಯಿಂದ ಬಿಗಿಯಾಗಿ ಕಟ್ಟಬೇಡಿ. ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ, ಲಸಿಕೆ ಉಚಿತ. ಹೊಕ್ಕುಳ ಸುತ್ತ 14 ಇಂಜೆಕ್ಷನ್ ಎಂಬ ಭಯ ಹಳೆಯದು. ಈಗ ಲಸಿಕೆ ತೋಳಿಗೆ. ಚರ್ಮದೊಳಗೆ ಕೊಡುವ ವಿಧಾನದಲ್ಲಿ ಮೊದಲ ದಿನ, ನಂತರ 3, 7 ಮತ್ತು 28ನೇ ದಿನ. ಗಾಯದಿಂದ ರಕ್ತ ಬಂದಿದ್ದರೆ ಗಾಯಕ್ಕೇ ಕೊಡುವ ಇಮ್ಯುನೋಗ್ಲೋಬ್ಯುಲಿನ್ ಇಂಜೆಕ್ಷನ್ ಬೇಕೇ ಎಂದು ಕೇಳಿ. "ಹತ್ತು ದಿನ ನಾಯಿ ನೋಡೋಣ" ಎಂದು ಲಸಿಕೆ ತಡಮಾಡಬೇಡಿ. ಲಸಿಕೆ ಶುರು ಮಾಡಿಯೇ ನಾಯಿಯನ್ನು ಗಮನಿಸಿ. ಸಾಕಿದ ನಾಯಿಮರಿ ಪರಚಿದರೂ ವೈದ್ಯರಿಗೆ ತೋರಿಸಿ.

ಸಾಕುಪ್ರಾಣಿಗಳ ಬಗ್ಗೆ ಇನ್ನೊಂದು ಎಚ್ಚರ: ಬೆಕ್ಕಿಗೆ ಜ್ವರವೆಂದು ಪ್ಯಾರಾಸಿಟಮಾಲ್ ಕೊಡಬೇಡಿ. ಅದನ್ನು ಕರಗಿಸುವ ಶಕ್ತಿ ಬೆಕ್ಕಿನ ದೇಹಕ್ಕಿಲ್ಲ, ಒಂದು ಗುಳಿಗೆಯೇ ಕೊಲ್ಲಬಹುದು. ಪಶು ವೈದ್ಯರ ಸಹಾಯಕ್ಕೆ 1962 ಸಂಖ್ಯೆಯಿದೆ.

ತಪ್ಪಾದರೆ ಹೋಗುವುದು: ಲಸಿಕೆಯಿಂದ ಉಳಿಯುತ್ತಿದ್ದ ಜೀವ.

ಫಾರ್ವರ್ಡ್ ಮಾಡುವ ಮೊದಲು

ಸಂದೇಶದ ಮೇಲೆ ಜೋಡಿ ಬಾಣದ ಗುರುತು ಇದೆಯೇ ನೋಡಿ. ಅದು ಐದು ಅಥವಾ ಅದಕ್ಕಿಂತ ಹೆಚ್ಚು ಕೈ ದಾಟಿ ಬಂದಿದೆ ಎಂದರ್ಥ, ನಿಜವೆಂದು ಅರ್ಥವಲ್ಲ. 2020ರ ಏಪ್ರಿಲ್‌ನಿಂದ ವಾಟ್ಸಾಪ್ ಇಂಥ ಸಂದೇಶವನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಲು ಬಿಡುತ್ತದೆ. ಆ ತಡೆ ಇರುವುದೇ ನಾವು ಒಂದು ಕ್ಷಣ ಯೋಚಿಸಲಿ ಎಂದು. ಜೀವದ ಮಾತಾಗಿದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿ ಕೇಳಿ, ಇಲ್ಲವೇ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ.

ಬಾಟಲಿ, ಫ್ಯಾನಿನ ಸಂದೇಶಗಳಿಗೆ ಹಿರಿಯರೊಂದಿಗೆ ಜಗಳ ಬೇಡ. ಆದರೆ ಗೀಸರ್, ಎದೆನೋವು, ನಾಯಿ ಕಡಿತದ ತಪ್ಪು ಸಲಹೆ ಗ್ರೂಪಿಗೆ ಬಂದರೆ ಸುಮ್ಮನಿರಬೇಡಿ. ಉದ್ದ ಭಾಷಣವೂ ಬೇಕಿಲ್ಲ, ನಿಮ್ಮ ಮನೆಯ ಮಾತಿನಲ್ಲೇ ಎರಡು ಸಾಲು ಸಾಕು: "ಕಾಕಾ, ನಾಯಿ ಕಡದ್ರ ಖಾರ ಹಚ್ಚಬ್ಯಾಡ್ರಿ. ಸಾಬೂನು ಹಚ್ಚಿ 15 ನಿಮಿಷ ನೀರಾಗ ತೊಳೀರಿ, ಅವತ್ತೇ ದವಾಖಾನಿಗೆ ಹೋಗ್ರಿ."