ವಜಾ ಎಂದರೆ ಸೋಲೇ?

ನೌಕರಿಯಿಂದ ತೆಗೆಯುವುದಕ್ಕೂ ಲೆಕ್ಕದಲ್ಲಿ ಕಳೆಯುವುದಕ್ಕೂ ಬಳಕೆಯಾಗುವ ‘ವಜಾ’ ಎಂಬ ಪದ ಕೋರ್ಟಿನಲ್ಲಿ ಕೇಳಿದಾಗ ಕಕ್ಷಿದಾರನ ಎದೆ ಕುಸಿಯುತ್ತದೆ. ಆದರೆ ವಜಾಗಳೆಲ್ಲ ಒಂದೇ ಅಲ್ಲ. ಸಿವಿಲ್ ದಾವೆಯಲ್ಲಿ ಸಾಕ್ಷ್ಯ ಪರಿಶೀಲಿಸಿ ವಜಾ ಮಾಡಿದರೆ ಅದು ತೀರ್ಪು; ಮುಂದಿನ ದಾರಿ ಮೇಲ್ಮನವಿ. ವಿಚಾರಣೆಯ ದಿನ ಪ್ರತಿವಾದಿ ಬಂದು ವಾದಿ ಬಾರದ ಕಾರಣಕ್ಕೆ ವಜಾ ಆದರೆ, ಜಮೀನು ಯಾರದೆಂದು ನ್ಯಾಯಾಲಯ ಹೇಳಿಯೇ ಇರುವುದಿಲ್ಲ. ಹಾಗೆಂದು ಅದೇ ವ್ಯಾಜ್ಯಕಾರಣದ ಮೇಲೆ ಹೊಸ ದಾವೆ ಹೂಡಲು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಬಿಡುವುದಿಲ್ಲ. ಗೈರುಹಾಜರಿಗೆ ಸಾಕಷ್ಟು ಕಾರಣ ತೋರಿಸಿ, 30 ದಿನಗಳೊಳಗೆ ಅರ್ಜಿ ಸಲ್ಲಿಸಿ, ಹಳೆಯ ದಾವೆಗೇ ಮರುಜೀವ ಕೊಡಿಸಬೇಕು. ತಡವಾದರೆ ಆ ತಡಕ್ಕೂ ಕಾರಣ ಹೇಳಬೇಕು. ವಿಚಿತ್ರವೆಂದರೆ, ಆ ದಿನ ಇಬ್ಬರೂ ಬಾರದೆ ದಾವೆ ವಜಾ ಆಗಿದ್ದರೆ, ಕಾಲಮಿತಿ ಮೀರದಿದ್ದಲ್ಲಿ ವಾದಿ ಹೊಸದಾಗಿಯೇ ದಾವೆ ಹೂಡಬಹುದು.